ಸ್ಟೇಷನ್ ಹೊಡೀತೀವಿ

ಜನವರಿ ೧೧

ಪ್ರೀತಿಯ ಸುಣ್ಣ,

ಕಾಗದ ಬಂತು ಅಂತ ಗಾಬರಿಯಾಗಬೇಡ, ನಿನ್ನ ಮಾವ ಇನ್ನೂ ಗಟ್ಟಿಮುಟ್ಟಾಗೇ ಇದ್ದಾನೆ. ಫೋನಿನಲ್ಲಿ ನೀನು ಮಾತಾಡಿದರೆ ಈಗ ನನಗೆ ಖಾಲಿ ಡಬ್ಬದೊಳಗೆ ಜೇನುಹುಳ ಬಿಟ್ಟ ಹಾಗೆ ಕೇಳುತ್ತದೆ. ಬಲಗಿವಿ ಹೋಗಿ ಎಷ್ಟೋ ಕಾಲವಾಯಿತು. ಈಗ ಎಡಗಿವಿಯೂ ಗಂಟುಮೂಟೆ ಕಟ್ಟುತ್ತಿದೆ ಅಂತ ಡಾಕ್ಟರು ಹೇಳಿದರು. "ಇನ್ನೆಷ್ಟು ದಿನ ಬರುತ್ತೆ ಡಾಕ್ಟ್ರೇ?" ಅಂದೆ. ಅವರು ಏನೋ ಹೇಳಿದರು, ಕೇಳಿಸಲಿಲ್ಲ.

ಬರೆದು ಕಳಿಸೋಣ ಅಂದರೆ ಇಂಟರ್ನೆಟ್ಟಿನ ನನ್ನ ಪುಟಕ್ಕೂ ಬೀಗ ಬಿದ್ದಿದೆ. ವಿಷಯವೇ ಅದು. ನಿಮ್ಮಮ್ಮನ ವಿಡಿಯೊ ಹೋಯಿತು.

ಹಳೇ ರೈಲ್ವೆ ಸ್ಟೇಷನ್ ಕೆಡವುತ್ತಾರಂತೆ. ಆ ಸುದ್ದಿ ಬಂದಾಗಿನಿಂದ ಎಲ್ಲರಿಗೂ ಅದರ ಮೇಲೆ ಪ್ರೀತಿ ಉಕ್ಕಿಬಿಟ್ಟಿದೆ, ಹಳೇ ಫೋಟೊಗಳನ್ನು ಹುಡುಕಿ ಹುಡುಕಿ ಹಾಕುತ್ತಿದ್ದಾರೆ. ನಮ್ಮ ಉದ್ದಣ್ಣ ನಿನಗೆ ನೆನಪಿದ್ದಾನಲ್ಲ, ಏಣಿಯಿಲ್ಲದೆ ಸೂರು ಮುಟ್ಟುತ್ತಿದ್ದವನು? ಅವನೂ ಸುಮ್ಮನಿರಲಾರದೆ, ನಾನು ವರ್ಷಗಳ ಹಿಂದೆ ನನ್ನ ಪುಟದಲ್ಲಿ ಹಾಕಿದ್ದ ವಿಡಿಯೊ ಎತ್ತಿಕೊಂಡು ಊರಿಗೆಲ್ಲ ಹಂಚಿದ. ಅಲ್ಲಿಯವರೆಗೆ ಅದು ಯಾರ ಕಣ್ಣಿಗೂ ಬೀಳದೆ ತಣ್ಣಗಿತ್ತು. ಸಂಜೆಯಷ್ಟರಲ್ಲಿ ಮಾಯ. "ನಿಯಮ ಉಲ್ಲಂಘನೆ" ಅಂತ ಒಂದು ಸಾಲು, ಅಷ್ಟೇ.

ಆ ವಿಡಿಯೊ ತೆಗೆದ ಫೋನು ಡಿಸ್ಟೆಂಪರ್ ಬಕೆಟ್ಟಿಗೆ ಬಿದ್ದು ಸತ್ತ ಕಥೆ ನಿನಗೆ ಗೊತ್ತು. ಬೇರೆ ಪ್ರತಿ ಇಲ್ಲ. ಅಕ್ಕನ ಫೋಟೊಗಳಿವೆ, ಸೀರೆಗಳಿವೆ, ಬಣ್ಣ ಕಲಸುವ ಕೋಲಿದೆ. ಆದರೆ ಅವಳ ದನಿ ಅದೊಂದರಲ್ಲೇ ಇದ್ದದ್ದು.

ಸ್ಟೇಷನ್ನಿನ ಕೆಲಸದ ಹಿಂದಿನ ದಿನ, ಅಲ್ಲೇ ಗೋಡೆ ಉಜ್ಜುವಾಗ ತೆಗೆದದ್ದು. ನಮ್ಮವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ, ಫೋನು ಹಿಡಿದವನು ನಾನು. ಅಕ್ಕ ಹಲಗೆಯ ಮೇಲೆ ಹತ್ತಿ ಸೊಂಟದ ಮೇಲೆ ಕೈಯಿಟ್ಟು ಅಪ್ಪಣೆ ಕೊಡುತ್ತಿದ್ದಾಳೆ. ಊರಲ್ಲಿ ಎಷ್ಟು ಜನ ಮೇಸ್ತ್ರಿಗಳಿದ್ದರೂ ಮೇಸ್ತ್ರಿ ಅಂದರೆ ಅವಳೇ ಅಲ್ಲವೇ. ಕಡೆಗೆ ರೈಲುಗಾಡಿ ಬರುತ್ತದೆ, ಅದರ ಗದ್ದಲದಲ್ಲಿ ಅವಳು ತಿರುಗಿ ನನ್ನನ್ನೇ ನೋಡಿ ಏನೋ ಅನ್ನುತ್ತಾಳೆ. ಆ ಮಾತು ನನಗೆ ಅವತ್ತೂ ಕೇಳಿಸಲಿಲ್ಲ, ಆಮೇಲೆ ಎಷ್ಟು ಸಲ ಹಾಕಿ ನೋಡಿದರೂ ಕೇಳಿಸಲಿಲ್ಲ. ಅದೇ ವರ್ಷ ಅವಳು ಹೋದಳು. ಯಾವಾಗಲೂ ನನ್ನ ಎಡಗಡೆಗೇ ಬಂದು ನಿಂತು ಬೈಯುತ್ತಿದ್ದವಳು, ಅವತ್ತೊಂದು ದಿನ ಎದುರಿಗೆ ನಿಂತು ಏನು ಹೇಳಿದಳೋ ಅನ್ನುವುದು ನನ್ನನ್ನು ಕೊರೆಯುತ್ತಲೇ ಇದೆ. ಕಿವಿ ಪೂರ್ತಿ ಮುಚ್ಚುವುದರೊಳಗೆ ಅವಳ ದನಿ ಇನ್ನೊಂದು ಸಲ ಕೇಳಬೇಕು.

ನೀನು ಕೆಲಸ ಮಾಡುವುದು ಇಂಥದ್ದನ್ನೇ ನೋಡುವ ಕಡೆ ತಾನೇ? ಒಂದು ಗುಂಡಿ ಒತ್ತಿದರೆ ವಾಪಸ್ ಬರುತ್ತದೆ ಅಂತ ಉದ್ದಣ್ಣ ಹೇಳಿದ. ಒತ್ತಿಬಿಡು.

ನಿನ್ನ ಮಾವ

ಜನವರಿ ೨೪

ಪ್ರೀತಿಯ ಮಾವನಿಗೆ,

ನಿಮ್ಮ ಅಕ್ಷರ ನೋಡಿ ಎಷ್ಟು ದಿನವಾಗಿತ್ತು! ಬೋರ್ಡು ಬರೆದ ಕೈ ಅಂತ ಲಕೋಟೆಯ ಮೇಲೇ ಗೊತ್ತಾಗುತ್ತದೆ. ಅಂಚೆಯವನು "ಯಾರಮ್ಮ ಬರೆದಿದ್ದು, ಮುದ್ದಾಗಿದೆ" ಅಂದ. ಕಾಗದ ಓದಿ ಆ ಖುಷಿ ಇಳಿದುಹೋಯಿತು.

ಮಾವ, ಆ ಗುಂಡಿ ನನ್ನ ಮೇಜಿನ ಮೇಲೆಯೇ ಇದೆ. ಆದರೆ ನಾನು ಒತ್ತುವಂತಿಲ್ಲ.

ನಮ್ಮ ಕೆಲಸ ಹೇಗೆ ಅಂತ ನಾನು ಯಾವತ್ತೂ ಬಿಡಿಸಿ ಹೇಳಿಲ್ಲ. ಕಿಟಕಿಗಳಿಗೆಲ್ಲ ಪರದೆ ಎಳೆದ ಒಂದು ಹಾಲ್. ಬಾಗಿಲಲ್ಲೇ ಫೋನು, ಚೀಲ ಎಲ್ಲ ಪೆಟ್ಟಿಗೆಗೆ ಹಾಕಿ ಒಳಗೆ ಬರಬೇಕು. ಮಷೀನು ಅನುಮಾನಪಟ್ಟು ತೆಗೆದದ್ದನ್ನೂ ಜನ ದೂರು ಕೊಟ್ಟದ್ದನ್ನೂ ನಮಗೆ ಕಳಿಸುತ್ತಾರೆ. ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕನ್ನಡದ್ದನ್ನು ನೋಡುತ್ತೇವೆ. ಭಯೋತ್ಪಾದನೆಯ ಮಾತಿದ್ದರೆ ಸರ್ಕಾರದಿಂದ ಆದೇಶ ಬರುತ್ತದೆ, ಬಂದ ಒಂದು ಗಂಟೆಯೊಳಗೆ ಅದು ಇಲ್ಲವಾಗಬೇಕು. ಆ ಗಂಟೆ ಮೀರಿದರೆ ಕಂಪನಿಗೆ ದಂಡ. ಅದಕ್ಕೆ ಮಷೀನಿಗೂ ಭಯ, ಮೇಲಿನವರಿಗೂ ಭಯ, ಮೊದಲು ತೆಗೆ ಆಮೇಲೆ ನೋಡು ಅನ್ನುತ್ತಾರೆ.

ಮನೆಯವರ ವಿಷಯ ಬಂದರೆ ನಾವು ಮುಟ್ಟಬಾರದು. ಇದು ಕಂಪನಿಯ ನಿಯಮ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನನಗೂ ಅದು ಸರಿ ಅನ್ನಿಸುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಆಗಬಾರದಲ್ಲ. ನನ್ನ ಹೆಸರೇ ಸುಣ್ಣ ಅಂತಿಟ್ಟು ನೀವೇ ಈಗ ಬೆಣ್ಣೆ ಕೇಳಿದರೆ ನಾನೇನು ಮಾಡಲಿ?

ಆದರೆ ದಾರಿ ಇದೆ. ಕಾರಣ ಏನು ಅಂತ ಕೇಳುವ ಹಕ್ಕು ನಿಮಗಿದೆ, ದೂರು ಕೊಡುವ ಹಕ್ಕೂ ಇದೆ. ತೆಗೆದದ್ದನ್ನು ಆರು ತಿಂಗಳು ಹಾಗೇ ಇಟ್ಟಿರುತ್ತಾರೆ, ಆಮೇಲೆ ಪೂರ್ತಿ ಅಳಿಸುತ್ತಾರೆ. ಅಂದರೆ ಜುಲೈವರೆಗೆ ಸಮಯವಿದೆ. ಉದ್ದಣ್ಣನ ಪುಟದಿಂದಲೇ ಕೇಳಿ.

ನಾನು ಆ ವಿಡಿಯೊ ತೆರೆದು ನೋಡಿಲ್ಲ. ನೋಡಬಾರದು ಅನ್ನುವುದು ಒಂದು. ಅಮ್ಮ ಹೋದ ಮೇಲೆ ಒಂದು ಸಲವೂ ಅದನ್ನು ನೋಡುವ ಧೈರ್ಯ ಬಂದಿಲ್ಲ ಅನ್ನುವುದು ಇನ್ನೊಂದು. ಸ್ಕೂಲು ಬಿಟ್ಟು ಬಂದು ಬಣ್ಣದ ಡಬ್ಬಗಳ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದದ್ದು, ಅಮ್ಮ ಮುಂಗೈಗೆ ಕೆಂಪು ಹಚ್ಚಿಕೊಂಡು ಬಿಸಿಲಿಗೆ ಹಿಡಿದು "ಇನ್ನೂ ಒಂಚೂರು ಕಪ್ಪು ಬೇಕು" ಅಂತಿದ್ದದ್ದು, ಎಲ್ಲ ಮೊನ್ನೆಯಿಂದ ಕಣ್ಣೆದುರು ಬಂದು ನಿಂತಿದೆ.

ಕೋಪ ಮಾಡಿಕೊಳ್ಳಬೇಡಿ.

ನಿಮ್ಮ ಸುಣ್ಣ

ಫೆಬ್ರವರಿ ೨

ಸುಣ್ಣ,

ಕಾಗದ ತಲುಪಿತು. ನಿಯಮ ಅರ್ಥವಾಯಿತು.

ನಿಮ್ಮಮ್ಮನೂ ಹೀಗೇ, ಕೆಲಸದಲ್ಲಿ ತಮ್ಮ ಅಂತ ನನಗೆ ರಿಯಾಯಿತಿ ಕೊಟ್ಟವಳಲ್ಲ. ಎಲ್ಲರ ಜೊತೆ ನಿಲ್ಲಿಸಿ ನನಗೂ ಬೈಯುತ್ತಿದ್ದಳು. ಆದರೆ ಬೈದಾದ ಮೇಲೆ ನನ್ನ ಲೋಟಕ್ಕೆ ಒಂದು ಗುಟುಕು ಚಹಾ ಹೆಚ್ಚಿಗೆ ಹಾಕುತ್ತಿದ್ದಳು.

ಮಾವ

ಮಾರ್ಚ್ ೩

ಮಾವ,

ನಿಮ್ಮ ಪುಟ್ಟ ಕಾಗದ ತಿಂಗಳಿಂದ ನನ್ನ ದಿಂಬಿನ ಕೆಳಗಿದೆ. ಉತ್ತರ ಬರೆದು ಬರೆದು ಹರಿದು ಹಾಕಿದೆ. ಆ ಒಂದು ಗುಟುಕು ಚಹಾ ನನಗೆ ನುಂಗಲಾಗುತ್ತಿಲ್ಲ.

ಹೊರಗೆ ಹೇಳಬಾರದ್ದನ್ನು ಒಂಚೂರು ಹೇಳುತ್ತೇನೆ, ಕೇಳಿ. ಕಳೆದ ವಾರ ನನ್ನ ಮುಂದೆ ಒಂದು ವಿಡಿಯೊ ಬಂತು. ಇಬ್ಬರು ಗಂಡಸರು, ಮುಖಕ್ಕೆ ಬಟ್ಟೆ, ಹಿಂದೆ ಬರೀ ಗೋಡೆ. ಒಬ್ಬ ತಣ್ಣಗೆ ಹೇಳಿದ: "ನಾಳೆ ಮಾರ್ಕೆಟ್ ಹೊಡೀತೀವಿ. ಒಬ್ರೂ ಉಳಿಯಲ್ಲ." ಬೈಗುಳವಿಲ್ಲ, ಕೂಗಾಟವಿಲ್ಲ, ಸಾಮಾನು ತರೋಕೆ ಹೋಗ್ತೀನಿ ಅನ್ನೋ ಹಾಗೆ ಹೇಳಿದ. ಕೂಡಲೇ ತೆಗೆದು ಪೊಲೀಸರಿಗೆ ತಿಳಿಸುವ ಸಾಲಿಗೆ ಹಾಕಿದೆ. ಮರುದಿನ ಆ ಮಾರ್ಕೆಟ್ಟಿನಲ್ಲಿ ಜನ ಎಂದಿನಂತೆ ತರಕಾರಿ ಕೊಂಡರು, ಚೌಕಾಸಿ ಮಾಡಿದರು, ಮನೆಗೆ ಹೋದರು. ಆ ಇಬ್ಬರು ಸಿಕ್ಕಿಬಿದ್ದರು ಅಂತ ಆಮೇಲೆ ನಮ್ಮ ಮೇಲಿನವರು ಹೇಳಿದರು.

ಅವತ್ತು ಆ ಗುಂಡಿ ಒತ್ತಿದ ಬೆರಳು ಇದೇ. ನಾಳೆ ಇದೇ ಬೆರಳು ಮನೆಯವರಿಗೊಂದು ಬೇರೆಯವರಿಗೊಂದು ಮಾಡಿದರೆ, ಆಮೇಲೆ ನಾನು ಒತ್ತಿದ್ದನ್ನು ಯಾರು ನಂಬುತ್ತಾರೆ? ನನ್ನ ಪಕ್ಕದ ಕುರ್ಚಿಯವನಿಗೂ ಒಬ್ಬ ಮಾವ ಇರಬಹುದಲ್ಲ, ಅವನ ಮಾವ ನಿಮ್ಮಂಥವರಲ್ಲದೆ ಇರಬಹುದಲ್ಲ.

ತೆಗೆಯುವುದು ಸುಲಭ ಮಾವ. ತೆಗೆದವರನ್ನು ಯಾರೂ ಕೇಳುವುದಿಲ್ಲ, ಬಿಟ್ಟವರನ್ನೇ ಕೇಳುವುದು. ಅದಕ್ಕೇ ನಿಮ್ಮಂಥವರು ಕೂಗಬೇಕು. ದಯವಿಟ್ಟು ದೂರು ಕೊಡಿ. ನನ್ನ ಮೇಲಿನ ಕೋಪದಲ್ಲಿ ದಿನ ಕಳೆಯಬೇಡಿ.

ಸುಣ್ಣ

ಮಾರ್ಚ್ ೨೦

ಪ್ರೀತಿಯ ಸುಣ್ಣ,

ಕೋಪ ಇಳಿದು ಬಹಳ ದಿನವಾಯಿತು, ಒಪ್ಪಿಕೊಳ್ಳಲು ಮಾತ್ರ ನಾಚಿಕೆಯಾಗಿ ಸುಮ್ಮನಿದ್ದೆ. ಅಕ್ಕನ ಮಗಳು ಅಕ್ಕನ ಹಾಗೆ ಇರದೆ ಇನ್ಯಾರ ಹಾಗಿರಬೇಕು.

ಈಗ ನಗು. ಉದ್ದಣ್ಣನ ಮೂಲಕ ಕಾರಣ ಕೇಳಿದ್ದೆ, ಬಂತು. ಏನು ಬರೆದಿದ್ದಾರೆ ಗೊತ್ತೇ? "ಮುಖ ಮುಚ್ಚಿಕೊಂಡ ಗುಂಪೊಂದು ರೈಲು ನಿಲ್ದಾಣದ ಮೇಲೆ ದಾಳಿಗೆ ಸಿದ್ಧವಾಗುತ್ತಿರುವುದು, ಮಹಿಳೆಯೊಬ್ಬಳು ಅದರ ನಾಯಕಿ." ನಾನೂ ಉದ್ದಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮಕ್ಕನನ್ನು ನಾಯಕಿ ಅಂತ ಮೊದಲು ಒಪ್ಪಿದವರು ಅವರೇ ನೋಡು.

ಅವಳು ಹೇಳಿದ್ದು ನನಗೆ ಬಾಯಿಪಾಠ. "ನಾಳೆ ಬೆಳಗ್ಗೆ ಸ್ಟೇಷನ್ ಹೊಡೀತೀವಿ. ಮೊದಲನೇ ಗಾಡಿ ಬರೋಷ್ಟರಲ್ಲಿ ಮುಂದಿನ ಗೋಡೆ ಮುಗಿದಿರ್ಬೇಕು. ಮೇಲಿಂದ ಹೊಡ್ಕೊಂಡು ಬನ್ನಿ, ಒಂದು ಮೂಲೆನೂ ಉಳೀಬಾರ್ದು. ಕೆಂಪು ನಾನು ನೋಡ್ಕೋತೀನಿ."

ನಕ್ಕು ಸುಸ್ತಾಗಿ ಕೂತಾಗ ನಿನ್ನ ಕಾಗದ ನೆನಪಾಯಿತು. ನಾಳೆ ಮಾರ್ಕೆಟ್ ಹೊಡೀತೀವಿ. ಮುಖಕ್ಕೆ ಬಟ್ಟೆ. ಸುಣ್ಣ, ನಿಜ ಹೇಳುತ್ತೇನೆ, ನನ್ನ ನಗು ನಿಂತುಹೋಯಿತು. ಕಾಗದದ ಮೇಲೆ ಬರೆದರೆ ಎರಡೂ ಒಂದೇ ಮಾತು. ಮಷೀನನ್ನು ಬೈದು ಏನು ಬಂತು. ಅದಕ್ಕೆ ಅಕ್ಕನ ಕೈ ಗೊತ್ತಿಲ್ಲ.

"ಮನೆಗೆ ಬಳೀತಾರೆ, ಕಟ್ಟಡಕ್ಕೆ ಹೊಡೀತಾರೆ" ಅಂತ ಅವಳು ಜಂಬ ಕೊಚ್ಚುತ್ತಿದ್ದಳಲ್ಲ, ಆ ಜಂಬ ಈಗ ನಮ್ಮ ಕೊರಳಿಗೆ ಬಂತು. ಬಳಿಯುತ್ತೇವೆ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ!

ದೂರು ಕಳಿಸಿದ್ದೇನೆ. ನಿನಗೂ ಒಂದು ಪ್ರತಿ, ತಿದ್ದಲು ಅಲ್ಲ, ಓದಲು:

"ಸ್ವಾಮಿಗಳೇ, ನಾವು ಗೋಡೆಗೆ ಬಣ್ಣ ಹೊಡೆಯುವವರು. ನಮ್ಮ ಭಾಷೆಯಲ್ಲಿ ಹೊಡೆಯದೆ ಯಾವ ಕೆಲಸವೂ ನಡೆಯುವುದಿಲ್ಲ. ಮೊಳೆ ಹೊಡೆಯುತ್ತೇವೆ, ಗಂಟೆ ಹೊಡೆಯುತ್ತೇವೆ, ಸೈಕಲ್ ಹೊಡೆಯುತ್ತೇವೆ, ಊರೆಲ್ಲ ಒಂದು ಸುತ್ತು ಹೊಡೆಯುತ್ತೇವೆ. ಮಧ್ಯಾಹ್ನ ನಿದ್ದೆ ಹೊಡೆಯುತ್ತೇವೆ, ಅದಕ್ಕೂ ಮುಂಚೆ ಹರಟೆ ಹೊಡೆಯುತ್ತೇವೆ. ವಯಸ್ಸಿನಲ್ಲಿ ನಮ್ಮ ಉದ್ದಣ್ಣ ಕಣ್ಣನ್ನೂ ಹೊಡೆಯುತ್ತಿದ್ದ, ಬೇಕಿದ್ದರೆ ಅದಕ್ಕೆ ಅವನನ್ನು ಹಿಡಿಯಿರಿ. ಮುಖಕ್ಕೆ ಬಟ್ಟೆ ಕಟ್ಟಿದ್ದು ಸುಣ್ಣದ ಧೂಳಿಗೆ. ನನ್ನ ಅಕ್ಕ ಆ ಸ್ಟೇಷನ್ನನ್ನು ಎಷ್ಟೋ ವರ್ಷ ಹೊಡೆದಳು, ಒಂದು ಗಾಜೂ ಒಡೆಯಲಿಲ್ಲ. ಆಕೆ ಈಗಿಲ್ಲ. ದನಿಯನ್ನಾದರೂ ಬಿಟ್ಟುಕೊಡಿ."

ನಿನ್ನ ಮಾವ

ಏಪ್ರಿಲ್ ೨೯

ಸುಣ್ಣ,

ದೂರಿಗೆ ಉತ್ತರ ಬಂತು. "ಮತ್ತೆ ಪರಿಶೀಲಿಸಲಾಯಿತು. ನಿರ್ಧಾರದಲ್ಲಿ ಬದಲಾವಣೆ ಇಲ್ಲ." ಯಾರು ನೋಡಿದರು, ಎಷ್ಟು ನೋಡಿದರು, ಒಂದೂ ಇಲ್ಲ. ನಾನು ಅಷ್ಟುದ್ದ ಬರೆದದ್ದನ್ನು ಓದಿದರೋ ಇಲ್ಲವೋ. ಅಂಗಡಿಯಲ್ಲಿ ಚಿಲ್ಲರೆ ಕೇಳಿದರೂ ಇದಕ್ಕಿಂತ ದೊಡ್ಡ ಉತ್ತರ ಕೊಡುತ್ತಾರೆ.

ಇವತ್ತು ಸ್ಟೇಷನ್ ಕೆಡವಿದರು. ನಾನೂ ಉದ್ದಣ್ಣನೂ ಎದುರಿನ ಫುಟ್‌ಪಾತ್ ಮೇಲೆ ನಿಂತಿದ್ದೆವು. ದೊಡ್ಡ ಯಂತ್ರ ಬಂದು ಮುಂದಿನ ಗೋಡೆಗೆ ಮೂತಿ ಹಾಕಿತು. ಸದ್ದು ನನಗೆ ಕೇಳಿಸಲಿಲ್ಲ, ಅಂಗಾಲಿಗೆ ಗೊತ್ತಾಯಿತು. ಉದ್ದಣ್ಣ ನನ್ನ ಎಡಗಿವಿಗೆ ಬಾಯಿಟ್ಟು ಕೂಗಿದ, "ನೋಡೋ, ಕಡೆಗೂ ಸ್ಟೇಷನ್ ಹೊಡುದ್ರು. ಅಕ್ಕ ಅಲ್ಲ, ಸರ್ಕಾರವೇ!" ನಗಬೇಕು ಅಂತ ಬಾಯಿ ತೆರೆದೆ, ಅಳು ಬಂತು. ಅವನೂ ಅತ್ತ. ಇಬ್ಬರು ಮುದುಕರು ರಸ್ತೆಯಲ್ಲಿ ನಿಂತು ಅಳುವುದನ್ನು ನೋಡಿ ಜನ ದುಡ್ಡು ಕಳೆದುಕೊಂಡಿದ್ದಾರೆ ಅಂದುಕೊಂಡಿರಬೇಕು.

ಗೋಡೆ ಹೋಯಿತು. ದನಿಯೂ ಹೋಗುತ್ತದೆ. ಎಡಗಿವಿಯಲ್ಲಿ ಈಗ ಹತ್ತಿರ ಬಂದು ಕೂಗಿದರೆ ಮಾತ್ರ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಇನ್ನು ಬರೆಯುವುದಿಲ್ಲ ಅವರಿಗೆ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನೂ ಆಗುವುದಿಲ್ಲ, ಗೋಡೆಯ ಕೆಲಸದವನು ನಾನು, ನನಗೆ ಗೊತ್ತು.

ಮಾವ

ಮೇ ೧೫

ಪ್ರೀತಿಯ ಮಾವನಿಗೆ,

ಕಾಗದ ಓದಿ ಅವತ್ತು ಊಟ ಸೇರಲಿಲ್ಲ. ಮರುದಿನ ನಮ್ಮ ಮೇಲಧಿಕಾರಿಯ ಕೋಣೆಗೆ ಹೋದೆ. ಅವರು ಒಳ್ಳೆಯ ಹೆಂಗಸು, ಕನ್ನಡ ಬಾರದು ಅಷ್ಟೇ.

"ಒಂದು ದೂರು ತಪ್ಪಾಗಿ ತಳ್ಳಿಹಾಕಿದ್ದಾರೆ. ಅದರಲ್ಲಿರುವುದು ನನ್ನ ತಾಯಿ. ಅದಕ್ಕೇ ನಾನು ಅದನ್ನು ನೋಡುವುದಿಲ್ಲ, ನೋಡಿಲ್ಲ. ಆದರೆ ಅದನ್ನು ಯಾರು ನೋಡಿದರು ಅಂತ ನೀವು ನೋಡಬೇಕು" ಅಂದೆ. ಅವರು ಹುಬ್ಬು ಗಂಟಿಕ್ಕಿ ತೆರೆದರು. ಯಾರೂ ವಿಡಿಯೊ ಕೇಳಿಯೇ ಇರಲಿಲ್ಲ, ಮಾವ. ಮಷೀನು ಮಾಡಿದ ಅನುವಾದವನ್ನು ಓದಿ, "ನಿಲ್ದಾಣದ ಮೇಲೆ ಮೇಲಿನಿಂದ ಹೊಡೆಯಿರಿ, ಒಂದೂ ಉಳಿಯಬಾರದು, ರಕ್ತ ನಾನು ನೋಡಿಕೊಳ್ಳುತ್ತೇನೆ" ಅಂತಿದ್ದದ್ದಕ್ಕೆ ಸರಿ ಅಂತ ಗುರುತು ಹಾಕಿ ಮುಂದೆ ಹೋಗಿದ್ದರು. ಅಮ್ಮನ ಕೆಂಪು ಅಲ್ಲಿ ರಕ್ತವಾಗಿತ್ತು. ನಿಮ್ಮ ದೂರಿನ ಅನುವಾದವೂ ಪಕ್ಕದಲ್ಲೇ ಇತ್ತು. ಅದರಲ್ಲಿ ನೀವು ನಿದ್ದೆಗೂ ಹೊಡೆದಿದ್ದೀರಿ, ಗಂಟೆಗೂ ಹೊಡೆದಿದ್ದೀರಿ, ಉದ್ದಣ್ಣನ ಕಣ್ಣಿಗೂ ಹೊಡೆದಿದ್ದೀರಿ.

"ಹಾಗಾದರೆ ಈ ಪದದ ಅರ್ಥವೇನು?" ಅಂತ ಅವರು ಕೇಳಿದರು. ಪದದಲ್ಲಿ ಅರ್ಥವಿಲ್ಲ ಮೇಡಂ, ಕೈಯಲ್ಲಿದೆ ಅಂದೆ. ಕೈಯಲ್ಲಿ ಬ್ರಷ್ ಇದೆಯೋ ಏನಿದೆಯೋ ನೋಡಬೇಕು, ದನಿ ಕೇಳಬೇಕು, ಕೊನೆಯವರೆಗೆ ಕೇಳಬೇಕು. ಅವತ್ತಿನ ಮಾರ್ಕೆಟ್ಟಿನ ವಿಡಿಯೊವನ್ನು ನಾನು ತೆಗೆದದ್ದೂ ಹಾಗೆ ಕೇಳಿಯೇ ಹೊರತು ಪದ ಓದಿ ಅಲ್ಲ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದೆ ಅಂತ ಆಮೇಲೆ ಗೊತ್ತಾಯಿತು.

ಇನ್ನು ಮೇಲೆ ಭಾಷೆ ಬಲ್ಲವರು ಪೂರ್ತಿ ಕೇಳದೆ ಯಾವ ದೂರನ್ನೂ ತಳ್ಳಿಹಾಕಬಾರದು ಅಂತ ಅವರು ಬರೆದುಕೊಂಡರು. ನಡೆಸುತ್ತಾರೋ ಇಲ್ಲವೋ, ನೋಡಬೇಕು. ನಿಮ್ಮದನ್ನು ಮಾತ್ರ ಆಗಲೇ ನನ್ನ ಪಕ್ಕದ ಕುರ್ಚಿಯವನಿಗೆ ಕೊಟ್ಟರು. ನನ್ನನ್ನು ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಕೂತಿದ್ದೆ. ಚಿಕ್ಕಂದಿನಲ್ಲಿ ಬಣ್ಣ ಒಣಗುವವರೆಗೆ ಒಳಗೆ ಬರಬೇಡ ಅಂತ ಅಮ್ಮ ಹೊರಗೆ ಕೂರಿಸುತ್ತಿದ್ದಳಲ್ಲ, ಹಾಗೆ.

ಅವನು ಏನು ತೀರ್ಮಾನಿಸಿದ ಅಂತ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಬಂದರೆ ನಿಮಗೇ ಬರುತ್ತದೆ.

ನಿಮ್ಮ ಸುಣ್ಣ

ಜೂನ್ ೮

ನನ್ನ ಸುಣ್ಣಮ್ಮ,

ಬಂತು! ನನ್ನ ಪುಟದ ಬೀಗ ತೆರೆದಿದೆ, ಅಕ್ಕ ಹಲಗೆಯ ಮೇಲೆ ನಿಂತಿದ್ದಾಳೆ. "ತಪ್ಪಾಗಿದೆ, ವಿಷಾದಿಸುತ್ತೇವೆ" ಅಂತ ಒಂದು ಸಾಲು. ಈ ಸಲದ ಒಂದು ಸಾಲಿಗೆ ನನ್ನ ತಕರಾರಿಲ್ಲ.

ಉದ್ದಣ್ಣ ಓಡಿಬಂದ. ಫೋನನ್ನು ಎಡಗಿವಿಗೆ ಒತ್ತಿ ಹಿಡಿದೆ. ಸುಣ್ಣ, ಏನೂ ಇಲ್ಲ. ದನಿ ಪೂರ್ತಿ ಏರಿಸಿದ, ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು, ನನಗೆ ಏನೂ ಇಲ್ಲ. ಹಿಂದಿನ ವಾರದಿಂದಲೇ ಅನುಮಾನವಿತ್ತು. ಅಕ್ಕ ಹೊತ್ತಿಗೆ ಸರಿಯಾಗಿ ಬಂದಳು, ನಾನೇ ಬೇಗ ಹೋಗಿಬಿಟ್ಟೆ.

ತುಂಬಾ ದುಃಖವಾಯಿತು. ಸುಳ್ಳು ಹೇಳಲಾರೆ. ಆದರೂ ದಿನಾ ನೋಡುತ್ತೇನೆ. ತುಟಿ ನೋಡಿಕೊಂಡು ಬಾಯಿಪಾಠದ ಮಾತನ್ನು ನಾನೇ ಹೇಳಿಕೊಳ್ಳುತ್ತೇನೆ, "ಕೆಂಪು ನಾನು ನೋಡ್ಕೋತೀನಿ" ತನಕ ಸರಿಯಾಗಿ ಕೂಡುತ್ತದೆ. ಕೊನೆಯದು ಮಾತ್ರ ಇಲ್ಲ. ಉದ್ದಣ್ಣನನ್ನು ಕೇಳಿದರೆ ಗಾಡಿಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಅಂತ ಬರೆದು ತೋರಿಸಿದ. ನನ್ನನ್ನೇ ನೋಡಿ ಹೇಳಿದ ಮಾತು. ಆಗಲೇ ಅವಳಿಗೆ ಹುಷಾರಿರಲಿಲ್ಲ. ತಾನು ಹೋಗುತ್ತೇನೆ ಅಂತ ಗೊತ್ತಿತ್ತೋ, ನಿನ್ನನ್ನು ನೋಡಿಕೋ ಅಂತ ನನಗೆ ಒಪ್ಪಿಸಿದಳೋ, ಏನೋ.

ಕೇಸು ಮುಗಿಯಿತಲ್ಲ, ಇನ್ನು ನೀನು ನೋಡಬಹುದಲ್ಲ? ನಿನ್ನ ಕಿವಿಯಲ್ಲಿ ಕೇಳಿ, ನನಗೆ ಬರೆದು ಕಳಿಸು.

ಇದರ ಜೊತೆ ಒಂದು ಚೂರು ಗಾರೆ ಇಟ್ಟಿದ್ದೇನೆ, ಕೆಡವಿದ ದಿನ ಆರಿಸಿಕೊಂಡದ್ದು. ಅಂಚು ನೋಡು, ಹಳದಿ, ನೀಲಿ, ಮತ್ತೆ ಹಳದಿ, ಎಲ್ಲದರ ಮೇಲೆ ಅವಳ ಕೆಂಪು.

ಮಾವ

ಜೂನ್ ೧೯

ಪ್ರೀತಿಯ ಮಾವನಿಗೆ,

ಗಾರೆಯ ಚೂರು ಮೇಜಿನ ಮೇಲಿದೆ. ಕೆಂಪು ಸ್ವಲ್ಪವೂ ಮಾಸಿಲ್ಲ.

ನಿನ್ನೆ ರಜೆಯಿತ್ತು. ನನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲ ಸಲ ಅವಳ ಬಾಯಿ ತೆರೆಯುತ್ತಲೇ ನಿಲ್ಲಿಸಿ ಹೊರಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಕೇಳಿದೆ. ದನಿ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಒರಟಾಗಿದೆ, ಮಾವ. ಇಷ್ಟು ವರ್ಷ ನನ್ನ ನೆನಪಿನಲ್ಲಿ ಅವಳನ್ನು ಮೆತ್ತಗೆ ಮಾಡಿಬಿಟ್ಟಿದ್ದೆ.

ಕೊನೆಯ ಮಾತಿಗೆ ತುಂಬಾ ಹೊತ್ತು ಹಿಡಿಯಿತು. ಗದ್ದಲದೊಳಗಿನ ಮಾತು ಹೆಕ್ಕುವುದೇ ನನ್ನ ಕೆಲಸ ಅಲ್ಲವೇ, ಬಿಡಲಿಲ್ಲ. ನಿಧಾನ ಮಾಡಿ, ತಿರುತಿರುಗಿ ಹಾಕಿ, ಗಾಡಿಯ ಸದ್ದಿನ ಸಂದಿಯಲ್ಲಿ ಒಂದೊಂದೇ ಪದ ಹಿಡಿದೆ. ಈಗ ಒಂದು ಅಕ್ಷರವೂ ಅನುಮಾನವಿಲ್ಲ.

ನೀವು ಏನೇನೋ ದೊಡ್ಡ ಮಾತು ಅಂದುಕೊಂಡಿದ್ದೀರಿ. ಅಮ್ಮ ನಿಮಗೆ ನನ್ನನ್ನು ಒಪ್ಪಿಸಿಲ್ಲ. ತಾನು ಹೋಗುವ ಮಾತೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ:

"ಏ ತಮ್ಮಾ! ಸಾಕು, ಆ ಫೋನ್ ಕೆಳಗಿಟ್ಟು ಬ್ರಷ್ ಹಿಡಿ. ಎಷ್ಟು ಸಲ ಕೂಗೋದು ನಿನ್ನ? ಕಿವಿ ಕೇಳ್ಸಲ್ವಾ?"

ಸುಣ್ಣ

ಜೂನ್ ೨೭

ಸುಣ್ಣ,

ಕಾಗದ ಬಂತು. ಎಡಗಡೆಗೆ ಹಿಡಿದುಕೊಂಡು ಓದಿದೆ.

ಕೇಳಿಸಿತು.

ಮಾವ